ಹಸುಳೆಗೊಂದು ಬೆಚ್ಚನೆಯ ಚೀಲ

ಪರೀಕ್ಷೆಯ ಲೆಕ್ಕಗಳಲ್ಲಿ ಬೇಕಾದ ಅಂಕಿಗಳೆಲ್ಲ ಮೊದಲೇ ದತ್ತವಾಗಿರುತ್ತವೆ. ಉತ್ತರವನ್ನು ಕಂಡುಹಿಡಿಯುವುದಷ್ಟೇ ವಿದ್ಯಾರ್ಥಿಯ ಕೆಲಸ. ಆದರೆ ನಿಜವಾದ ಜನರ ಅಗತ್ಯಕ್ಕಾಗಿ ಒಂದು ಸಾಧನವನ್ನು ರೂಪಿಸಹೊರಟವರು ಪ್ರಶ್ನೆ ಯಾವುದೆಂಬುದನ್ನೇ ಮೊದಲು ನಿರ್ಧರಿಸಬೇಕಾಗುತ್ತದೆ. ಇದಕ್ಕೆ ಒಂದು ವಿದ್ಯಾರ್ಥಿ ತಂಡದ ಅನುಭವ ಉತ್ತಮ ನಿದರ್ಶನ.

2007ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ, ರಾಹುಲ್ ಪಣಿಕ್ಕರ್ ಎಂಬ ನಾಲ್ವರು ಜೊತೆಗೂಡಿದರು. ಬಡವರ ಉಪಯೋಗಕ್ಕೆ ಅತ್ಯಂತ ಅಗ್ಗದ ಸಾಧನಗಳನ್ನು ರೂಪಿಸುವುದು ಆ ತರಗತಿಯ ಉದ್ದೇಶ. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಯ ಬೆಲೆ ಆಗ ಸುಮಾರು 20,000 ಡಾಲರ್. ಅದರ ನೂರರಲ್ಲೊಂದು ಪಾಲಿಗೂ ಕಡಿಮೆ ವೆಚ್ಚದಲ್ಲಿ ಆ ಕೆಲಸ ನಡೆಯಬೇಕೆಂಬುದೇ ಅವರಿಗೆ ಒಪ್ಪಿಸಿದ ಪ್ರಶ್ನೆ.

ಇಂಥ ಶಿಶು ಬೇಗನೆ ತಣ್ಣಗಾಗುವುದೇಕೆ? ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈಯ ವಿಸ್ತೀರ್ಣ ಹೆಚ್ಚು. ತಪ್ಪಲೆಯಲ್ಲಿರುವ ಅನ್ನಕ್ಕಿಂತ ಕೈಯ ತುತ್ತು ಬೇಗ ಆರುವುದನ್ನು ನಾವೆಲ್ಲರೂ ಬಲ್ಲೆವು. ಅದರ ಮೇಲೆ ಈ ಹಸುಳೆಗಳ ಚರ್ಮ ತೆಳು, ಅದರಡಿಯ ಕೊಬ್ಬು ಅತ್ಯಲ್ಪ. ನಡುಗಿ ಶಾಖವನ್ನು ಉತ್ಪಾದಿಸುವ ಶಕ್ತಿಯೂ ಅವಕ್ಕಿಲ್ಲ.

ಪೆಟ್ಟಿಗೆಯ ಭಾಗಗಳನ್ನು ಅಗ್ಗ ಮಾಡಿದರೆ ಸಾಕೆಂದು ತೋರುವುದು ಸಹಜ. ಆದರೆ ತಂಡದ ಲಿಯಾಂಗ್ ನೇಪಾಳಕ್ಕೆ ಹೋದಾಗ, ಕಠ್ಮಂಡುವಿನ ಆಸ್ಪತ್ರೆಯಲ್ಲಿ ದಾನವಾಗಿ ಬಂದ ಪೆಟ್ಟಿಗೆಗಳು ಖಾಲಿ ಬಿದ್ದಿದ್ದುವು. ಅವುಗಳ ಅಗತ್ಯವಿದ್ದ ಶಿಶುಗಳು ದೂರದ ಹಳ್ಳಿಗಳಲ್ಲಿ ಹುಟ್ಟುತ್ತಿದ್ದುವು. ಆಸ್ಪತ್ರೆಗೆ ತಲಪುವ ಮುನ್ನವೇ ಹಲವು ಅಸುನೀಗುತ್ತಿದ್ದುವು. ಅಗ್ಗದ ಪೆಟ್ಟಿಗೆಯೂ ಅಲ್ಲಿ ಖಾಲಿಯೇ ಇರುತ್ತಿತ್ತು! ಪ್ರಶ್ನೆ ಆಸ್ಪತ್ರೆಯದಲ್ಲ, ವಿದ್ಯುತ್ತಿಲ್ಲದ ಮನೆಯಲ್ಲಿರುವ ತಾಯಿಯದು ಎಂಬುದು ಆಗ ಸ್ಪಷ್ಟವಾಯಿತು.

ಹೊಸ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಮಲಗುಚೀಲದ ಆಕಾರದ ಒಂದು ಸಾಧನ. ಅದರೊಳಗೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ, ಮೇಣದಂಥ ವಸ್ತುವಿನ ಪೊಟ್ಟಣ. ಬಿಸಿನೀರಿನ ಚೀಲ ಮೊದಲು ಸುಡುತ್ತದೆ, ಆಮೇಲೆ ತಣಿಯುತ್ತದೆ. ಕರಗಿದ ಮೇಣವಾದರೋ ಗಟ್ಟಿಯಾಗುತ್ತಿರುವಷ್ಟು ಕಾಲವೂ ತನ್ನ ಉಷ್ಣತೆಯನ್ನು ಬದಲಿಸದೆ ಗುಪ್ತೋಷ್ಣವನ್ನು ಹೊರಬಿಡುತ್ತದೆ. ಒಂದು ಕಿಲೋಗ್ರಾಂ ನೀರು 39 ಡಿಗ್ರಿಯಿಂದ 37ಕ್ಕೆ ಇಳಿದಾಗ ದೊರೆಯುವ ಶಾಖ ಸುಮಾರು 8.4 ಕಿಲೋಜೌಲ್ ಮಾತ್ರ. ಅಷ್ಟೇ ತೂಕದ ಮೇಣ ಗಟ್ಟಿಯಾಗುವಾಗ ಸುಮಾರು 200 ಕಿಲೋಜೌಲ್ ದೊರೆಯಬಲ್ಲುದು. 4 ಗಂಟೆಗಳಿಗೆ ಹಂಚಿದರೆ ಹೆಚ್ಚುಕಡಿಮೆ 14 ವ್ಯಾಟ್. ತಂಡದ ಚೀಲ ಒಮ್ಮೆ ಕಾಯಿಸಿದರೆ 4ರಿಂದ 6 ಗಂಟೆಗಳ ಕಾಲ ಬೆಚ್ಚಗಿರುತ್ತಿತ್ತು.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಮಾದರಿಯನ್ನು ಭಾರತದ ಹಳ್ಳಿಯೊಂದರಲ್ಲಿ ತೋರಿಸಿದಾಗ ಒಬ್ಬ ತಾಯಿ ಹೇಳಿದ ಮಾತು ಅವರನ್ನು ಬೆರಗುಗೊಳಿಸಿತು. ಪಾಶ್ಚಾತ್ಯ ಔಷಧ ಬಲು ಉಗ್ರವೆಂದು, ವೈದ್ಯರು ಹೇಳಿದ್ದಕ್ಕಿಂತ ಕಡಿಮೆ ಕೊಡುವುದು ಅವಳ ರೂಢಿ. ಹಾಗೆಯೇ 37 ಡಿಗ್ರಿಗೆ ಕಾಯಿಸಲು ಹೇಳಿದರೆ 30ಕ್ಕೇ ನಿಲ್ಲಿಸುವೆನೆಂದಳು. ಅವಳದು ಉದಾಸೀನವಲ್ಲ, ಮಗುವಿನ ಮೇಲಣ ಎಚ್ಚರಿಕೆ. ಆದರೆ ಆ 7 ಡಿಗ್ರಿಗಳಲ್ಲಿ ಶಿಶುವಿನ ಜೀವವೇ ಅಡಗಿತ್ತು. ತಂಡದವರು ಅಂಕಿಗಳನ್ನು ತೆಗೆದುಹಾಕಿ, ಸರಿಯಾಗಿ ಕಾದಿದೆಯೇ ಇಲ್ಲವೇ ಎಂಬುದನ್ನಷ್ಟೇ ತಿಳಿಸುವ ಸೂಚಕವನ್ನು ಅಳವಡಿಸಿದರು.

ಮುಂದೆ ಈ ತಂಡ ಕೆಲಸವನ್ನು ಬೆಂಗಳೂರಿಗೆ ತಂದು, ಬಳಸುವವರ ಸಮೀಪದಲ್ಲೇ ಅದನ್ನು ತಿದ್ದಿತು. ತಾಯಿಯ ಮೈಗೆ ಮೈ ತಾಗಿಸಿ ಶಿಶುವನ್ನು ಇರಿಸಿಕೊಳ್ಳುವ ಕಾಂಗರೂ ಪದ್ಧತಿಗೆ ಇದು ಬದಲಿಯಲ್ಲ, ಪೂರಕ. ತರಗತಿಯಲ್ಲಿ 25 ಡಾಲರ್ ಎಂದು ಎಣಿಸಿದ್ದ ಬೆಲೆ ತಯಾರಿಕೆಯ ವೇಳೆಗೆ ಎಷ್ಟೋ ಪಟ್ಟು ಏರಿತೆಂಬುದೂ ನಿಜ.

ಗುಪ್ತೋಷ್ಣದ ತತ್ತ್ವವನ್ನು ಜೋಸೆಫ್ ಬ್ಲ್ಯಾಕ್ ಹದಿನೆಂಟನೆಯ ಶತಮಾನದಲ್ಲೇ ತಿಳಿಸಿದ್ದನು. ಅದು ಎಲ್ಲರ ಪಠ್ಯಪುಸ್ತಕದಲ್ಲೂ ಇದೆ. ಖಾಲಿ ಪೆಟ್ಟಿಗೆಗಳೂ ತಾಯಿಯ ಅಂಜಿಕೆಯೂ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನ್ನು ತಿಳಿಯಲು ವಿದ್ಯಾರ್ಥಿಗಳು ಅಲ್ಲಿಗೇ ಹೋಗಿ ಕೇಳಬೇಕಾಯಿತು.