ಕಣ್ಣು ಕಟ್ಟಿ ದ್ರಾಕ್ಷಿಯ ಕುಲವನ್ನು ಗುರುತಿಸಬಹುದೆ?

ತುಮಕೂರು ರಸ್ತೆಯ ಮಾಕಳಿಯಲ್ಲಿ ಹಣ್ಣಿನ ಗಾಡಿಯ ಬಳಿ ನಾವು ನಿಂತಾಗ, 'ಬೆಂಗಳೂರು ಬ್ಲೂ' ದ್ರಾಕ್ಷಿಯಿದ್ದರೆ ಅದು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ಈ ಪರಿಮಳ ಬಂದುದೆಲ್ಲಿಂದ?

ಇದೊಂದು ಸಂಕರ ತಳಿ. ಇದರ ಪೂರ್ವಜರಲ್ಲಿ ಒಂದು ಯುರೋಪಿನ ವೈನ್ ದ್ರಾಕ್ಷಿ. ಇನ್ನೊಂದು ಉತ್ತರ ಅಮೆರಿಕದ ಕಡು ಚಳಿಯನ್ನು ತಾಳಬಲ್ಲ ಕಾಡುದ್ರಾಕ್ಷಿ, ವೈಟಿಸ್ ಲಬ್ರುಸ್ಕ. ಹಿಮವನ್ನೇ ಕಾಣದ ನಮ್ಮ ತೋಟಗಳಲ್ಲಿ ಚಳಿ ತಾಳುವ ಗುಣಕ್ಕೆ ಕೆಲಸವಿಲ್ಲ. ಆದರೆ ಕಾಡಿನ ಪರಿಮಳ ಉಳಿದುಬಂದಿದೆ. ಲಬ್ರುಸ್ಕ ಕುಲದ ವಾಸನೆಗೆ ಕಾರಣವಾದ ವಸ್ತುಗಳಲ್ಲಿ ಹೆಸರಾದುದು ಮೀಥೈಲ್ ಆಂಥ್ರನಿಲೇಟ್. ಅದೇ ಕುಲದ ಕಾಂಕರ್ಡ್ ದ್ರಾಕ್ಷಿಯ ರಸದಲ್ಲಿ ಅದಿರುವುದನ್ನು 1921ರಲ್ಲಿ ಪ್ರಕಟಿಸಲಾಯಿತು. ಇಂಥ ಹಣ್ಣಿನ ಕೆಂಪು ವೈನಿನಲ್ಲಿಯೂ ಕುಲದ ವಾಸನೆ ಸುಳಿಯುವುದರಿಂದ, ಪಳಗಿದ ಪರೀಕ್ಷಕರು ಸೀಸೆಯ ಚೀಟಿಯನ್ನು ನೋಡದೆಯೇ ಅದರ ಜಾಡು ಹಿಡಿಯಬಲ್ಲರು.

ನಮ್ಮ ಪರೀಕ್ಷೆಗೆ ತಾಜಾ ರಸವೇ ಸಾಕು. ಮೂರು ಲೋಟಗಳಲ್ಲಿ ಎರಡಕ್ಕೆ ಈ ದ್ರಾಕ್ಷಿಯ ರಸವನ್ನೂ ಒಂದಕ್ಕೆ ಬೇರೊಂದು ಕಪ್ಪುದ್ರಾಕ್ಷಿಯ ರಸವನ್ನೂ ತುಂಬಿಸೋಣ. ಗೆಳೆಯನು ಕಣ್ಣು ಕಟ್ಟಿಕೊಂಡು ಬೇರೆಯದನ್ನು ಆರಿಸಲಿ. ಬರಿಯ ಊಹೆಯಿಂದ ಒಮ್ಮೆ ಗೆಲ್ಲುವ ಸಂಭವ 3ರಲ್ಲಿ 1; ಸತತ ಐದು ಸಲ ಗೆಲ್ಲುವ ಸಂಭವ 243ರಲ್ಲಿ 1 ಮಾತ್ರ. ಬಳಿಕ ಅವನು ಮೂಗನ್ನು ಹಿಡಿದು ಕುಡಿಯಲಿ. ಸಿಹಿ, ಹುಳಿ, ಒಗರುಗಳಷ್ಟೇ ಉಳಿದು, ಕುಲದ ಗುರುತು ಮಾಯವಾಗುತ್ತದೆ.

ಆದರೆ ಎಚ್ಚರ! ಮೀಥೈಲ್ ಆಂಥ್ರನಿಲೇಟನ್ನು ಕಾರ್ಖಾನೆಗಳಲ್ಲಿ ತಯಾರಿಸಿ ಮಿಠಾಯಿ, ಪಾನೀಯಗಳಿಗೂ ಸೇರಿಸುತ್ತಾರೆ. ಆದುದರಿಂದ ಹಣ್ಣು ಕೈಗೆ ಸಿಕ್ಕರೆ ಹಿಸುಕಿ ನೋಡಬೇಕು: ಲಬ್ರುಸ್ಕ ಕುಲದ ಹಣ್ಣಿನಲ್ಲಿ ತಿರುಳು ಸಿಪ್ಪೆಯಿಂದ ಸುಲಭವಾಗಿ ಜಾರಿ ಹೊರಬರುತ್ತದೆ. ಮೂಗಿನ ಸಾಕ್ಷ್ಯಕ್ಕೆ ಕೈಯ ಸಾಕ್ಷ್ಯವೂ ಕೂಡಿದ ಮೇಲೆಯೇ ತೀರ್ಪು ಕೊಡುವುದು ಲೇಸು.