ಹಳೆಯದೋ, ಹೊಸದೋ?

ಸಿಂಧನೂರಿನಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಮಾದಾಪುರದಾಗ ಅಂಗಡಿ ಭಾಳ ಅದಾವಲ್ಲ, ನೋಡಿ ಹೇಳು. ಆರ್‌ಟಿಎಕ್ಸ್ 4060 ತಗೊಳ್ಳಲೋ, 5060 ತಗೊಳ್ಳಲೋ?" ಓದಲಿಕ್ಕೆಂದು ಅಪ್ಪ ಭತ್ತ ಮಾರಿ ಕೊಟ್ಟ ದುಡ್ಡು ಅದು. ಗೇಮಿನ ವಿಷಯ ಅಪ್ಪನಿಗೆ ಗೊತ್ತಿಲ್ಲ.

ಭಾನುವಾರ ಇಲ್ಲಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಸಮಾಧಾನವಾಗದೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೂ ಹೋದೆ. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ, ಇಲ್ಲಿಗೆ ಅದು ಹಾಗೆ.

2023ರ 4060, 2025ರ 5060 ಎರಡರಲ್ಲೂ ಗ್ರಾಫಿಕ್ಸ್ ಮೆಮೊರಿ 8 ಜಿಬಿಯೇ. ಹೊಸದರದು ಜಿಡಿಡಿಆರ್7, ವೇಗ ಹೆಚ್ಚು. ಕೋರ್‌ಗಳೂ 3072ರಿಂದ 3328ಕ್ಕೆ ಏರಿವೆ. ಆದರೆ ಅಂಗಡಿಯವರು ಹೊಗಳುವ ಫ್ರೇಮ್ ಲೆಕ್ಕದಲ್ಲಿ ಎಐ ಹುಟ್ಟಿಸಿ ನಡುನಡುವೆ ತೂರಿಸುವ ಫ್ರೇಮ್‌ಗಳೂ ಸೇರಿರುತ್ತವೆ. ಕೇಳಬೇಕಾದದ್ದು ವ್ಯಾಟ್. ಅದೇ ಹೆಸರಿನ ಕಾರ್ಡಿಗೆ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ 45 ವ್ಯಾಟ್ ಸಿಗಬಹುದು, ದಪ್ಪನೆಯದರಲ್ಲಿ 100. ಉಸಿರು ಕಟ್ಟಿದ ಹೊಸ ಕಾರ್ಡು ಹೊಟ್ಟೆ ತುಂಬ ಕರೆಂಟು ಕುಡಿವ ಹಳೆಯದರ ಮುಂದೆ ಸೋಲುವುದುಂಟು. ನಾನು ಕೇಳಿದ ಮೂರು ಕಡೆ ಸೇಲ್ಸ್ ಹುಡುಗರಿಗೆ ಈ ಸಂಖ್ಯೆಯೇ ಗೊತ್ತಿರಲಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ನಾನೇ ಹುಡುಕಿದೆ.

ರಾತ್ರಿ ಹೇಳಿದೆ: "ದಪ್ಪನೆಯ 4060 ಸಾಕು. ಉಳಿಯೋ ದುಡ್ಡಿನಾಗ ಹಾಸ್ಟೆಲ್ ಮೆಸ್ ಬಿಲ್ ಕಟ್ಟು."

"ಗೆಳೆಯರೆಲ್ಲ ಹೊಸದೇ ತಗೊಂಡಾರ," ಅಂದ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವನೇ ಕೇಳಿದ, "ರ‍್ಯಾಮ್ ಹಾಕಾಕ ಇನ್ನೊಂದು ಸ್ಲಾಟ್ ಖಾಲಿ ಐತೇನಣ್ಣ?"