ಬೆಳಕಿನಲ್ಲಿ ಬರೆಯುವ ಚಿತ್ರ

(ಬಾನುಲಿ ಭಾಷಣ)

ಹಂಪೆಯ ವಿರೂಪಾಕ್ಷ ದೇವಾಲಯವನ್ನು ಕಂಡವರಿಗೆ ಅಲ್ಲಿಯ ತಲೆಕೆಳಗಾದ ಗೋಪುರದ ನೆನಪು ಇದ್ದೇ ಇರುತ್ತದೆ. ಗುಡಿಯ ಹಿಂಭಾಗದ ಕತ್ತಲೆಯ ಎಡೆಯೊಂದರಲ್ಲಿ, ಕಿರುಗಂಡಿಯಿಂದ ಒಳಬಂದ ಬೆಳಕು ಪೂರ್ವದ ಮಹಾಗೋಪುರವನ್ನು ಗೋಡೆಯ ಮೇಲೆ ಬುಡಮೇಲಾಗಿ ಬರೆದಿಡುತ್ತದೆ. ಬೆಳಕಿನ ನಡೆ ನೇರವಾದುದು. ಕಲಶದಿಂದ ಹೊರಟ ಕಿರಣ ಕಂಡಿಯನ್ನು ಹಾದು ಕೆಳಗಿಳಿಯುತ್ತದೆ, ಬುಡದಿಂದ ಹೊರಟದ್ದು ಮೇಲೇರುತ್ತದೆ. ಅಲ್ಲಿ ಕುಂಚವಿಲ್ಲ, ಬಣ್ಣವಿಲ್ಲ. ಬೆಳಕೇ ಬರೆದ ಚಿತ್ರವದು.

ಅದೇ ದೇವಾಲಯದ ರಂಗಮಂಟಪದಲ್ಲಿ ನಿಂತು ಕತ್ತೆತ್ತಿದರೆ ಬೇರೊಂದು ಬಗೆಯ ಚಿತ್ರ ಕಾಣುತ್ತದೆ. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ ಮಂಟಪವೆಂದು 1510ರ ಶಾಸನ ಹೇಳುವ ಆ ಸ್ಥಳದ ಒಳಮಾಳಿಗೆಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ ಇದೆ, ಗಿರಿಜಾ ಕಲ್ಯಾಣವಿದೆ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನಿದ್ದಾನೆ. ಈ ಚಿತ್ರಗಳ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವು ಮನುಷ್ಯನ ಕೈ ಬಣ್ಣದಲ್ಲಿ ಬರೆದವು ಎಂಬುದರಲ್ಲಿ ಸಂಶಯವಿಲ್ಲ.

ಇಂದು ನಾನು ಹೇಳಹೊರಟಿರುವುದು ಈ ಎರಡರ ನಡುವಿನ ಮೂರನೆಯ ಬಗೆಯ ಚಿತ್ರವನ್ನು ಕುರಿತು: ಮನುಷ್ಯನ ಕೈ ಬರೆಯುವ, ಆದರೆ ಬಣ್ಣದ ಬದಲು ಬೆಳಕಿನಲ್ಲಿ ಮೂಡುವ, ಕಂಪ್ಯೂಟರಿನ ಚಿತ್ರ. ಕಣ್ಣಿನ ವಿಷಯವನ್ನು ಕಿವಿಗೆ ಹೇಳುವುದು ಕಷ್ಟವೆಂದು ಬಲ್ಲೆ. ಆದರೂ ನಿವೃತ್ತನಾದ ಮೇಲೆ, ಕನ್ನಡ ಪಾಠ ಹೇಳಿದ ಈ ಕೈಯಲ್ಲಿ ಡಿಜಿಟಲ್ ಪೆನ್ನು ಹಿಡಿದು ಆ ಒಳಮಾಳಿಗೆಯ ಕೆಲವು ಚಿತ್ರಗಳ ಪ್ರತಿ ಮಾಡಲು ಹೊರಟು, ಬಿದ್ದು, ಎದ್ದು ಕಲಿತದ್ದನ್ನು ಹಂಚಿಕೊಂಡರೆ ಇದೇ ದಾರಿಯಲ್ಲಿ ಎಡವುತ್ತಿರುವ ಕಿರಿಯರಿಗೂ ಮನೆಯ ಹಿರಿಯರಿಗೂ ಉಪಯೋಗವಾದೀತೆಂಬ ಆಸೆ.

ಇಂಥ ಕೆಲಸಕ್ಕೆ ಇಂದು ಹಲವು ತಂತ್ರಾಂಶಗಳಿವೆ. 1990ರಲ್ಲಿ ಹೊರಬಂದ ಫೋಟೋಶಾಪ್ ಹಣ ತೆತ್ತು ಬಳಸುವಂಥದು. ಹೆಸರೇ ಹೇಳುವಂತೆ ಅದು ಛಾಯಾಚಿತ್ರಗಳನ್ನು ತಿದ್ದಲೆಂದು ಹುಟ್ಟಿದ್ದು. 1996ರಲ್ಲಿ ಹೊರಬಂದ ಗಿಂಪ್ ಉಚಿತ. ಕ್ರೀಟಾ ಕೂಡ ಉಚಿತ, ಚಿತ್ರ ಬರೆಯುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಳೆದದ್ದು. ಯಾವುದನ್ನು ಹಿಡಿದರೂ ಹೊಸಬನಿಗೆ ಎದುರಾಗುವ ತೊಡಕುಗಳು ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ಪೆನ್ನು ಓಡುತ್ತದೆ, ಗೆರೆ ಮೂಡುವುದಿಲ್ಲ. ಯಂತ್ರ ಕೆಟ್ಟಿತೆಂದು ಹೆದರುವ ಮುನ್ನ ನಾಲ್ಕು ಸಂಗತಿಗಳನ್ನು ಕ್ರಮವಾಗಿ ನೋಡಬೇಕು. ಈ ತಂತ್ರಾಂಶಗಳಲ್ಲಿ ಚಿತ್ರವೆಂಬುದು ಒಂದೇ ಹಾಳೆಯಲ್ಲ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಹಲವು ಪದರಗಳು. ಇವಕ್ಕೆ ಲೇಯರ್ ಎಂದು ಹೆಸರು. ನೀವು ಬರೆಯುತ್ತಿರುವ ಪದರ ಯಾವುದು, ಅದಕ್ಕೆ ಬೀಗ ಬಿದ್ದಿದೆಯೇ, ಅದರ ಮೇಲೆ ಇನ್ನೊಂದು ಪದರ ಮುಚ್ಚಿಕೊಂಡಿದೆಯೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು, ಹಿಂದೆ ಎಂದೋ ಚಿತ್ರದ ಒಂದು ಚೂರನ್ನು ಆಯ್ದುಕೊಂಡು ಮರೆತಿದ್ದೀರಾ? ಹಾಗಿದ್ದರೆ ಕುಂಚ ಆ ಚೂರಿನ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಫೋಟೋಶಾಪಿನಲ್ಲಿ ಕಂಟ್ರೋಲ್ ಜೊತೆಗೆ ಡಿ, ಗಿಂಪ್ ಮತ್ತು ಕ್ರೀಟಾಗಳಲ್ಲಿ ಕಂಟ್ರೋಲ್, ಶಿಫ್ಟ್, ಎ ಒತ್ತಿದರೆ ಆಯ್ಕೆ ಬಿಟ್ಟುಹೋಗುತ್ತದೆ. ಮೂರನೆಯದು, ಬಣ್ಣದ ಗಾಢತೆ ಸೊನ್ನೆಯ ಹತ್ತಿರಕ್ಕೆ ಇಳಿದಿದೆಯೇ? ನಾಲ್ಕನೆಯದು, ಕುಂಚ ರಬ್ಬರಾಗಿದೆಯೇ? ಕ್ರೀಟಾದಲ್ಲಿ ಕೀಲಿಮಣೆಯ 'ಇ' ಅಕ್ಷರಕ್ಕೆ ಬೆರಳು ತಾಗಿದರೆ ಸಾಕು, ಬರೆಯುವ ಕುಂಚ ಅಳಿಸುವ ಕುಂಚವಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಇದನ್ನರಿಯದೆ ನಾನು ಒಂದು ಇಡೀ ಸಂಜೆ ಇಲ್ಲದ ಗೆರೆಯನ್ನು ಅಳಿಸುತ್ತ ಕುಳಿತಿದ್ದೆ.

ಎರಡನೆಯ ತೊಡಕು ಗೆರೆಯದು. ತೆರೆಯಿಲ್ಲದ ಟ್ಯಾಬ್ಲೆಟ್ ಹಲಗೆಯ ಮೇಲೆ ಬರೆಯುವವನ ಕೈ ಮೇಜಿನ ಮೇಲಿರುತ್ತದೆ, ಕಣ್ಣು ಎದುರಿನ ತೆರೆಯ ಮೇಲೆ. ಕೆಳಗಿನ ನೀರಿನಲ್ಲಿ ಬಿಂಬವನ್ನು ನೋಡಿ ಮೇಲಿನ ಮೀನಿಗೆ ಗುರಿಯಿಟ್ಟ ಅರ್ಜುನನ ಪಾಡು ನಮ್ಮದು! ಅದಕ್ಕೆ ಅಭ್ಯಾಸವೊಂದೇ ಮದ್ದು. ದಿನಕ್ಕೆ ಕಾಲು ಗಂಟೆ ಬರಿಯ ವೃತ್ತ, ಬರಿಯ ಅಡ್ಡಗೆರೆ ಎಳೆದರೆ ಕೆಲವು ವಾರಗಳಲ್ಲಿ ಕೈಗೂ ಕಣ್ಣಿಗೂ ಸ್ನೇಹ ಬೆಳೆಯುತ್ತದೆ. ನಡುಗುವ ಕೈಗೆ ತಂತ್ರಾಂಶವೂ ನೆರವಾಗುತ್ತದೆ. ಸ್ಟೆಬಿಲೈಜರ್, ಸ್ಮೂತಿಂಗ್ ಎಂಬ ಹೆಸರಿನ ವ್ಯವಸ್ಥೆಯನ್ನು ಏರಿಸಿದರೆ ಗೆರೆ ಕೈಯ ಹಿಂದೆ ತುಸು ತಡವಾಗಿ, ಆದರೆ ನುಣುಪಾಗಿ ಬರುತ್ತದೆ. ಅತಿಯಾಗಿ ಏರಿಸಿದರೆ ಗೆರೆ ನುಣುಪಾಗುವುದೇನೋ ಸರಿ, ಜೀವ ಹೋಗುತ್ತದೆ.

ಒತ್ತಿ ಬರೆದರೂ ಗೆರೆ ದಪ್ಪವಾಗದೆ ಒಂದೇ ಸಮನಾಗಿ ಬರುವುದು ಇದಕ್ಕೆ ಸೇರಿದ ದೂರು. ಪೆನ್ನಿನ ಒತ್ತಡ ಕಂಪ್ಯೂಟರಿಗೆ ತಲುಪುತ್ತಿಲ್ಲವೆಂದು ಇದರ ಅರ್ಥ. ಟ್ಯಾಬ್ಲೆಟ್ ತಯಾರಕರು ಕೊಡುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶವನ್ನು ಹೊಸದಾಗಿ ಹಾಕಿಕೊಳ್ಳಬೇಕು. ಆರಿಸಿದ ಕುಂಚಕ್ಕೆ ಒತ್ತಡದ ಗುಣವಿದೆಯೇ ಎಂದು ನೋಡಬೇಕು. ವಿಂಡೋಸ್ ಯಂತ್ರಗಳಲ್ಲಿ ಪೆನ್ನಿನ ಸುದ್ದಿ ಒಳಬರಲು ಎರಡು ಬಾಗಿಲುಗಳಿವೆ: ಹಳೆಯ ವಿನ್‌ಟ್ಯಾಬ್, ಹೊಸ ವಿಂಡೋಸ್ ಇಂಕ್. ಒಂದರಲ್ಲಿ ಬರದಿದ್ದರೆ ಇನ್ನೊಂದನ್ನು ತೆರೆದು, ತಂತ್ರಾಂಶವನ್ನು ಮುಚ್ಚಿ ಮತ್ತೆ ಪ್ರಾರಂಭಿಸಿದರೆ ಬಹುಮಟ್ಟಿಗೆ ಗುಣ ಕಾಣುತ್ತದೆ.

ಮೂರನೆಯದು ಅಳತೆಯದು. ತೆರೆಯ ಮೇಲೆ ಅಂದವಾಗಿದ್ದ ಚಿತ್ರ ಅಚ್ಚಾದಾಗ ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದೇಕೆ? ಈ ಚಿತ್ರ ಪಿಕ್ಸೆಲ್ ಎಂಬ ಪುಟ್ಟ ಚೌಕಗಳ ನೇಯ್ಗೆ. ನಮ್ಮ ಸಂಡೂರಿನ ಲಂಬಾಣಿ ಕಸೂತಿಯನ್ನು ನೆನೆಯಿರಿ. ಹೊಲಿಗೆಗಳ ಎಣಿಕೆ ಬಟ್ಟೆಯನ್ನು ಹಿಡಿದಾಗಲೇ ತೀರ್ಮಾನವಾಗುತ್ತದೆ. ಮುಗಿದ ಮೇಲೆ ಬಟ್ಟೆಯನ್ನು ಎಳೆದು ದೊಡ್ಡದು ಮಾಡಲಾಗದು. ಅಚ್ಚಿಗೆ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕೆಂಬುದು ಸಾಮಾನ್ಯ ನಿಯಮ. 12 ಅಂಗುಲ ಅಗಲ, 18 ಅಂಗುಲ ಎತ್ತರದ ಚಿತ್ರ ಬೇಕಾದರೆ 3600ಕ್ಕೆ 5400 ಪಿಕ್ಸೆಲ್‌ಗಳ ಹಾಳೆಯನ್ನು ಮೊದಲೇ ತೆಗೆದುಕೊಳ್ಳಬೇಕು. ಆದರೆ ಇಷ್ಟು ದೊಡ್ಡ ಹಾಳೆಯ ಒಂದೊಂದು ತುಂಬಿದ ಪದರವೂ ಯಂತ್ರದ ನೆನಪಿನಲ್ಲಿ ಸುಮಾರು 78 ಮೆಗಾಬೈಟ್ ಜಾಗವನ್ನು ಬೇಡುತ್ತದೆ. ಇಪ್ಪತ್ತು ಪದರಗಳಾದರೆ ಒಂದೂವರೆ ಗಿಗಾಬೈಟ್! ಕುಂಚ ಕೈಯ ಹಿಂದೆ ತೆವಳುತ್ತ ಬರುವುದಕ್ಕೆ ಇದೂ ಒಂದು ಕಾರಣ. ಮುಗಿದ ಪದರಗಳನ್ನು ಒಂದುಗೂಡಿಸುವುದು, ಉಳಿದ ತಂತ್ರಾಂಶಗಳನ್ನು ಮುಚ್ಚುವುದು, ಅಗತ್ಯವಿಲ್ಲದ ಕಡೆ ಭಾರಿ ಕುಂಚವನ್ನು ಬಿಡುವುದು ಇದಕ್ಕೆ ಪರಿಹಾರ.

ನಾಲ್ಕನೆಯದು, ಬಣ್ಣ ತುಂಬುವಾಗಿನ ಸೋರಿಕೆ. ಗೆರೆಯ ಆವರಣದೊಳಗೆ ಬಣ್ಣ ಸುರಿದರೆ ಒಮ್ಮೆ ಹಾಳೆಯೆಲ್ಲ ತುಂಬಿಬಿಡುತ್ತದೆ. ಇನ್ನೊಮ್ಮೆ ಗೆರೆಗೂ ಬಣ್ಣಕ್ಕೂ ನಡುವೆ ಬಿಳಿಯ ಎಳೆ ಉಳಿಯುತ್ತದೆ. ಮೊದಲನೆಯದಕ್ಕೆ ಕಾರಣ ಆವರಣದಲ್ಲೆಲ್ಲೋ ಇರುವ ಕೂದಲೆಳೆಯ ಬಿರುಕು. ಕಾಲುವೆಯ ಏರಿಯಲ್ಲಿ ಏಡಿ ಕೊರೆದ ಬಿಲವನ್ನು ಹುಡುಕುವ ನಮ್ಮ ಕಂಪ್ಲಿಯ ಗದ್ದೆಯ ರೈತನಂತೆ ಅದನ್ನು ಹುಡುಕಿ ಮುಚ್ಚಬೇಕು. ಎರಡನೆಯದಕ್ಕೆ, ಗೆರೆಯ ಪದರವನ್ನು ಮೇಲಿಟ್ಟು, ಬಣ್ಣವನ್ನು ಕೆಳಗಿನ ಬೇರೆ ಪದರದಲ್ಲಿ ತುಂಬಿ, ತುಂಬುವ ಪ್ರದೇಶವನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸಿದರೆ ಬಣ್ಣ ಗೆರೆಯ ಅಡಿಗೆ ಸರಿದು ಬಿಳಿ ಮಾಯವಾಗುತ್ತದೆ.

ಐದನೆಯದು ಬಣ್ಣದ ಮೋಸ. ಕಾವಿಕೆಂಪಿನ ಮೇಲೆ ಹೊಳೆಯುವ ಹಸಿರು ನೀಲಿ ಬಳಿದು ಹಿಗ್ಗಿದ್ದ ನನಗೆ, ಅಚ್ಚಾಗಿ ಬಂದ ಹಾಳೆಯನ್ನು ಕಂಡಾಗ ಮಳೆಯಲ್ಲಿ ನೆನೆದ ಗೋಡೆಯನ್ನು ಕಂಡಂತಾಯಿತು. ಅಚ್ಚಿನ ಮನೆಯವರ ತಪ್ಪಲ್ಲ, ನನ್ನ ಅಜ್ಞಾನದ್ದು. ತೆರೆಯಲ್ಲಿ ಬಣ್ಣ ಹುಟ್ಟುವುದು ಕೆಂಪು, ಹಸಿರು, ನೀಲಿ ಬೆಳಕುಗಳ ಕೂಟದಿಂದ. ಮೂರೂ ಕೂಡಿದರೆ ಬಿಳುಪು. ಅಚ್ಚಿನ ಶಾಯಿಗಳು ಬೆಳಕನ್ನು ಹೀರುವಂಥವು. ಕೂಡಿದಷ್ಟೂ ಕಪ್ಪಿನತ್ತ ಸಾಗುತ್ತವೆ. ಬೆಳಕು ಮುಟ್ಟುವ ಕೆಲವು ಬಣ್ಣಗಳನ್ನು ಶಾಯಿ ಎಂದಿಗೂ ಮುಟ್ಟಲಾರದು. ಅಚ್ಚಿನ ಬಣ್ಣ ಹೇಗಿದ್ದೀತೆಂದು ತೆರೆಯ ಮೇಲೆಯೇ ಅಂದಾಜು ತೋರಿಸುವ ವ್ಯವಸ್ಥೆಯನ್ನು ಬಳಸಬೇಕು; ತೆರೆಯ ಪ್ರಖರತೆಯನ್ನು ತಗ್ಗಿಸಬೇಕು; ಇಡೀ ಚಿತ್ರವನ್ನು ಕೊಡುವ ಮೊದಲು ಅಂಗೈಯಗಲದ ಚೂರೊಂದನ್ನು ಅಚ್ಚು ಮಾಡಿಸಿ ಹಗಲು ಬೆಳಕಿನಲ್ಲಿ ನೋಡಬೇಕು.

ಆರನೆಯದು ನಮ್ಮ ನುಡಿಗೆ ಸಂಬಂಧಿಸಿದ್ದು. ಚಿತ್ರದ ಅಡಿಯಲ್ಲಿ 'ಮತ್ಸ್ಯ' ಎಂದು ಬರೆಯಹೋದರೆ ಒತ್ತಕ್ಷರಗಳು ಕಳಚಿ ಸಾಲಾಗಿ ನಿಲ್ಲುವುದುಂಟು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೂ ಸ್ಥಾನವಿದ್ದರೂ ಅಕ್ಷರಗಳನ್ನು ಕೂಡಿಸಿ ತೋರಿಸುವ ಹೊಣೆ ತಂತ್ರಾಂಶದ್ದು. ಫೋಟೋಶಾಪಿನ ಹಳೆಯ ಆವೃತ್ತಿಗಳಾದರೆ ಆದ್ಯತೆಗಳಲ್ಲಿ, ಟೈಪ್ ಎಂಬ ವಿಭಾಗದಲ್ಲಿ, ದಕ್ಷಿಣ ಏಷ್ಯಾದ ಲಿಪಿಗಳಿಗೂ ಒಗ್ಗುವ ವ್ಯವಸ್ಥೆಯನ್ನು ಆರಿಸಿದರೆ ಒತ್ತುಗಳು ತಮ್ಮ ಜಾಗಕ್ಕೆ ಮರಳುತ್ತವೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಬರಹವಾದರೆ ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲವಾದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದು ಕುಳಿತಿರುತ್ತವೆ.

ಕೊನೆಯ ತೊಡಕನ್ನು ಹೇಳಲು ನನಗೆ ತುಸು ಸಂಕೋಚ. ಪಲ್ಲಕ್ಕಿಯ ಮೆರವಣಿಗೆಯ ಒಂದು ಭಾಗವನ್ನು, ಅನುಮತಿ ಪಡೆದು ತೆಗೆದ ಛಾಯಾಚಿತ್ರಗಳ ಆಧಾರದಿಂದ, ಮೂರು ತಿಂಗಳು ಕುಳಿತು ಬರೆದೆ. ಬಣ್ಣ ಉದುರಿದ ಕಡೆ, ಮಸಿ ಹಿಡಿದ ಕಡೆ ಪಕ್ಕದ ಬಣ್ಣವನ್ನು ಎತ್ತಿ ಅಂಟಿಸುವ ಕ್ಲೋನ್ ಎಂಬ ಸಾಧನದಿಂದ ತುಂಬಿದೆ. ಉಡುಗೆಯ ಅಂಚು ಕಾಣದಿದ್ದಲ್ಲಿ ನನಗೆ ತೋಚಿದ ಅಂಚನ್ನು ಬರೆದೆ. ಎಲ್ಲವೂ ಒಂದೇ ಪದರದಲ್ಲಿ. ಮುಗಿದಾಗ ಜೆಪೆಗ್ ಎಂಬ ರೂಪದಲ್ಲಿ ಕಾಪಿಟ್ಟು, ಕೆಲಸದ ಮೂಲ ಕಡತವನ್ನು ಜಾಗ ಉಳಿಸಲೆಂದು ಅಳಿಸಿಬಿಟ್ಟೆ. ಜೆಪೆಗ್‌ನಲ್ಲಿ ಪದರಗಳು ಉಳಿಯುವುದಿಲ್ಲ. ತೆರೆದು ತಿದ್ದಿ ಮತ್ತೆ ಕಾಪಿಟ್ಟಾಗಲೆಲ್ಲ ಚಿತ್ರ ಒಂದಿಷ್ಟು ಸವೆಯುತ್ತದೆ.

ನೆರೆಮನೆಯ ಹುಡುಗನೊಬ್ಬ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: "ಸರ್, ಈ ಅಂಚು ಮ್ಯಾಲೆ ಐತೇನ್ರಿ, ನೀವು ಹಾಕಿದ್ದೇನ್ರಿ?"

ನನಗೆ ಉತ್ತರ ತಿಳಿದಿರಲಿಲ್ಲ. ಮೂರು ತಿಂಗಳ ಹಿಂದೆ ತಿಳಿದಿತ್ತು. ಈಗ ಎರಡೂ ಒಂದರೊಳಗೊಂದು ಬೆರೆತುಹೋಗಿದ್ದವು.

ಶ್ರೋತೃಗಳೆ, ಜೀವಮಾನವಿಡೀ ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳಿದವನು ನಾನು. ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಊಹಿಸಿ ತುಂಬಿದರೆ ಅದನ್ನು ಕಂಸದೊಳಗಿಡಬೇಕು. ಬೇರೆ ಪ್ರತಿಯಲ್ಲಿ ಬೇರೆ ಪಾಠವಿದ್ದರೆ ಅಡಿಯಲ್ಲಿ ಕಾಣಿಸಬೇಕು. ಕವಿಯ ಮಾತು ಯಾವುದು, ಸಂಪಾದಕನ ಊಹೆ ಯಾವುದು ಎಂಬುದು ಓದುಗನಿಗೆ ಎಂದೂ ಮರೆಯಾಗಬಾರದು. ಡಿ. ಎಲ್. ನರಸಿಂಹಾಚಾರ್ಯರ ಗ್ರಂಥವನ್ನು ಕೈಯಲ್ಲಿ ಹಿಡಿದು ಇದನ್ನು ಎಷ್ಟೋ ತಂಡದ ವಿದ್ಯಾರ್ಥಿಗಳಿಗೆ ಒತ್ತಿ ಹೇಳಿದವನು, ಚಿತ್ರದ ವಿಷಯ ಬಂದಾಗ ಕಂಸವನ್ನು ಮರೆತೆ. ಈ ಹೊಸ ಕಲೆಯಲ್ಲಿ ಕಂಸದ ಕೆಲಸವನ್ನು ಮಾಡುವುದು ಪದರ.

ನದಿಯಾಚೆಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಮರದ ಪುಡಿ, ಗೋಣಿಯ ನಾರು, ಹುಣಸೆಬೀಜದ ಅಂಟು ಕೂಡಿದ ಕಿಟ್ಟವನ್ನು ಮೊದಲು ಮೆತ್ತುತ್ತಾರೆ. ಮೈ ನುಣುಪಾದ ಮೇಲೆ ಬಣ್ಣ. ಒಂದು ಪದರ ಸಿದ್ಧವಾಗದೆ ಇನ್ನೊಂದಿಲ್ಲ. ಆದರೆ ಅವರು ಮೆತ್ತಿದ ಪದರವನ್ನು ಮತ್ತೆ ಬಿಡಿಸಲಾಗದು. ಕಂಪ್ಯೂಟರ್ ನಮಗೆ ಕೊಟ್ಟಿರುವ ವರವೆಂದರೆ ಬಿಡಿಸಲು ಬರುವ ಪದರ. ಆ ವರವನ್ನು ನಾನೇ ಕೈಯಾರೆ ಕಳೆದುಕೊಂಡಿದ್ದೆ.

ಈಗ ಅದೇ ಚಿತ್ರವನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಅಡಿಯಲ್ಲಿ ಛಾಯಾಚಿತ್ರ, ಬೀಗ ಹಾಕಿದ ಪದರ. ಅದರ ಮೇಲೆ ಬಣ್ಣ. ಅದರ ಮೇಲೆ ಕಣ್ಣಿಗೆ ಸ್ಪಷ್ಟವಾಗಿ ಕಂಡ ಗೆರೆ. ಎಲ್ಲಕ್ಕೂ ಮೇಲೆ 'ಊಹೆ' ಎಂಬ ಹೆಸರಿನ ಒಂದು ಪದರ. ನಾನು ತುಂಬಿದ್ದೆಲ್ಲ ಅದರಲ್ಲಿ ಮಾತ್ರ. ಕ್ರೀಟಾದ ಮೂಲರೂಪದಲ್ಲಿಯೇ ಕಡತವನ್ನು ಕಾಪಿಟ್ಟು, ದಿನಕ್ಕೊಂದು ಸಂಖ್ಯೆ ಕೊಟ್ಟು, ಬೇರೊಂದು ಡಿಸ್ಕಿನಲ್ಲಿಯೂ ಒಂದು ಪ್ರತಿ ಇಡುತ್ತೇನೆ. ಅಚ್ಚಿಗೆ, ಗೆಳೆಯರಿಗೆ ಕಳುಹಿಸಲು ಮಾತ್ರ ಜೆಪೆಗ್. ಇಷ್ಟು ಶಿಸ್ತು ಇದ್ದರೆ ಮೇಲೆ ಹೇಳಿದ ತೊಡಕುಗಳಲ್ಲಿ ಎಷ್ಟೋ ತಾವಾಗಿಯೇ ಸಡಿಲುತ್ತವೆ.

ಹೊಗೆ, ಧೂಳು, ತೇವಗಳ ನಡುವೆ ಉಳಿದು ಬಂದಿರುವ ಒಳಮಾಳಿಗೆಯ ಚಿತ್ರಗಳಿಗೆ ನಮ್ಮ ಪ್ರತಿಗಳು ಬದಲಿಯಾಗಲಾರವು. ಆದರೆ ಮುಂದೊಂದು ದಿನ ಯಾರಾದರೂ ನಮ್ಮ ಪ್ರತಿಯನ್ನು ನೋಡಿ ಮೇಲಿನದು ಹೀಗಿತ್ತೆಂದು ನಂಬಿದರೆ, ಆ ನಂಬಿಕೆಗೆ ನಾವು ಹೊಣೆ. ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. ಊಹೆಯ ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿದೆ. ನಾನು ಬರೆದ ಅಂಚು ಮಾಯವಾಯಿತು. ಬಣ್ಣ ಉದುರಿದ ಗಾರೆ ಇದ್ದಂತೆಯೇ ಕಾಣಿಸಿತು. ಅವನ ಪ್ರಶ್ನೆಗೆ ಉತ್ತರ ಹೇಳಲು ಈ ಸಲ ನನಗೆ ಮಾತು ಬೇಕಾಗಲಿಲ್ಲ.